ಕೊಬ್ಬಿನ ಲೆಕ್ಕ, ಎಲುಬಿನ ಲೆಕ್ಕ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದ ಕಡೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂತಲ್ಲ, ಆಗ ನಿಮ್ಮ ವಯಸ್ಸಿನ ಎಷ್ಟೋ ಹುಡುಗ ಹುಡುಗಿಯರು ಬೆಳಗಿನ ಜಾವಕ್ಕೇ ಬಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ಎಲ್ಲವನ್ನೂ ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ, ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಮುಂತಾದ ಹಳೆಯ ಕಾರಣಗಳೇ ಇವೆ ಎಂದಿತು. ಭಯ ಇಳಿಯಿತು, ಸಾಲೂ ಕರಗಿತು. ಆಗ ಮಾಡಿಸಿದ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಲೆಕ್ಕ ಮಾತ್ರ ನಿಮ್ಮ ಮೊಬೈಲಿನಲ್ಲಿ ಇನ್ನೂ ಇರಬಹುದು. ಅದನ್ನು ಒಮ್ಮೆ ತೆಗೆದು ನೋಡಿಕೊಂಡು ಮುಂದೆ ಓದಿ.

ನಿಮ್ಮ ಭಯ ಸುಳ್ಳಲ್ಲ, ಮಕ್ಕಳೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆಂದು ಕಂಡುಬಂತು. ಐಸಿಎಂಆರ್‌ನವರ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೊರಬಂದಾಗ, ದೊಡ್ಡವರಲ್ಲಿ ನೂರಕ್ಕೆ ಸುಮಾರು 24 ಮಂದಿಗೆ ಕೊಲೆಸ್ಟ್ರಾಲ್ ಹೆಚ್ಚಿತ್ತು. ಮೂವರಲ್ಲಿ ಇಬ್ಬರಿಗೆ ಎಚ್‌ಡಿಎಲ್, ಅಂದರೆ ಒಳ್ಳೆಯದೆಂದು ಹೆಸರಾದ ಕೊಲೆಸ್ಟ್ರಾಲ್, ಕಡಿಮೆಯಿತ್ತು. ಹೆದರಬೇಕಾದ್ದಕ್ಕೇ ಹೆದರಿದ್ದೀರಿ. ಹೆದರಿದ ಮೇಲೆ ಏನು ಮಾಡುತ್ತೀರಿ ಎನ್ನುವುದೇ ನನ್ನ ಚಿಂತೆ.

ನಮ್ಮ ತಂಗಿಯ ಮಗನೊಬ್ಬ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದವನು ತನ್ನ ರಿಪೋರ್ಟ್ ತೋರಿಸಿದ. ಒಟ್ಟು ಕೊಲೆಸ್ಟ್ರಾಲ್ 236, ಕೆಟ್ಟದೆಂದು ಹೆಸರಾದ ಎಲ್‌ಡಿಎಲ್ 158, ಎಚ್‌ಡಿಎಲ್ 34. ಮೂರೂ ದಪ್ಪ ಅಕ್ಷರದಲ್ಲಿದ್ದವು. ಒಟ್ಟು 200ರ ಒಳಗೆ, ಎಲ್‌ಡಿಎಲ್ 100ರ ಒಳಗೆ, ಗಂಡಸರ ಎಚ್‌ಡಿಎಲ್ 40ರ ಮೇಲೆ ಇರಬೇಕೆಂದು ಪಕ್ಕದಲ್ಲೇ ಅಚ್ಚಾಗಿತ್ತು. ಹಾಗಾಗಿ ಅವನು ಅಂದಿನಿಂದಲೇ ಹಾಲು, ಮೊಸರು, ಮೊಟ್ಟೆ, ತುಪ್ಪ ಎಲ್ಲ ಬಿಟ್ಟಿದ್ದ. ಬದಲಿಗೆ ಹಸಿವಾದಾಗ ತಿನ್ನಲು ಡಬ್ಬಿಯ ತುಂಬ ‘ಡಯಟ್’ ಬಿಸ್ಕತ್ತು ಇಟ್ಟುಕೊಂಡಿದ್ದ. ನಾನು ಪರದೆಯನ್ನು ಇನ್ನೊಂದಿಷ್ಟು ಕೆಳಗೆ ಸರಿಸಿದೆ. ಅದೇ ರಿಪೋರ್ಟಿನ ಕೊನೆಯ ಹಾಳೆಯಲ್ಲಿ ವಿಟಮಿನ್ ಡಿ 11 ಎಂದಿತ್ತು. ಅದೂ ದಪ್ಪ ಅಕ್ಷರದಲ್ಲೇ. ‘ಅದು ಎಲ್ಲರಿಗೂ ಕಮ್ಮಿ ಇರುತ್ತೆ ಬಿಡಿ ಮಾವ’ ಅಂದ.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು, ಸುಮ್ಮನಿರಲು ಆಗಲಿಲ್ಲ. ರಕ್ತನಾಳವನ್ನು ಉಳಿಸಿಕೊಳ್ಳಲು ಹೋಗಿ ಮೂಳೆಗೆ ಬರುವ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಅವನು ನಿಲ್ಲಿಸಿಬಿಟ್ಟಿದ್ದ. ನಿಮ್ಮಲ್ಲೂ ಬಹಳ ಮಂದಿ ಹೀಗೇ ಮಾಡುತ್ತಿದ್ದೀರಿ ಎಂಬ ಅನುಮಾನ ನನಗಿದೆ.

ಮೂಳೆಯೆಂದರೆ ಒಮ್ಮೆ ಬೆಳೆದು ಹಾಗೇ ನಿಂತ ಕಲ್ಲಲ್ಲ. ಅದನ್ನು ಕೆರೆದು ತೆಗೆಯುವ ಜೀವಕೋಶಗಳು ಒಂದು ಕಡೆ, ಹೊಸದಾಗಿ ಕಟ್ಟುವವು ಇನ್ನೊಂದು ಕಡೆ, ದಿನವೂ ಕೆಲಸ ನಡೆದೇ ಇರುತ್ತದೆ. ವರ್ಷಕ್ಕೆ ಅಸ್ಥಿಪಂಜರದ ಹತ್ತರಲ್ಲೊಂದು ಪಾಲು ಹೀಗೆ ಹೊಸದಾಗುತ್ತದೆ. ಕಟ್ಟುವ ಕೋಶ ಹುಟ್ಟುವುದು ಮಜ್ಜೆಯಲ್ಲಿ. ಅಲ್ಲಿನ ಒಂದು ಜಾತಿಯ ಮೂಲಕೋಶ ಬೆಳೆದು ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬು ತುಂಬಿಕೊಳ್ಳುವ ಕೋಶವೂ ಆಗಬಲ್ಲದು. ವಯಸ್ಸಾದಂತೆ, ಮೈಗೆ ಕೆಲಸವಿಲ್ಲದಂತೆ, ಅದು ಕೊಬ್ಬಿನ ಕಡೆಗೇ ಹೆಚ್ಚು ವಾಲುತ್ತದೆ. ರಕ್ತದಲ್ಲಿ ಹೆಚ್ಚಾಗಿ ಉಳಿದು ಕೆಟ್ಟುಹೋದ, ಅಂದರೆ ಆಮ್ಲಜನಕದೊಂದಿಗೆ ಸೇರಿ ಮಾರ್ಪಟ್ಟ ಎಲ್‌ಡಿಎಲ್ ಈ ವಾಲುವಿಕೆಗೆ ಇನ್ನಷ್ಟು ಒತ್ತು ಕೊಡುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ರಕ್ತನಾಳದ ಗೋಡೆಯಲ್ಲಿ ಗಡ್ಡೆಗಟ್ಟುವುದೂ ಇದೇ ಎಲ್‌ಡಿಎಲ್. ವಯಸ್ಸಾದವರಲ್ಲಿ ಮೂಳೆಯ ಸುಣ್ಣ ಕರಗುವಾಗಲೇ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟುವುದನ್ನೂ ವೈದ್ಯರು ಬಹಳ ಕಾಲದಿಂದ ಕಾಣುತ್ತಿದ್ದಾರೆ.

ಹಾಗೆಂದು ‘ಕೊಲೆಸ್ಟ್ರಾಲ್ ಏರಿದರೆ ಮೂಳೆ ಸವೆಯುತ್ತದೆ’ ಎಂದು ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಅದು ಅರ್ಧ ಸತ್ಯ. ಸಾವಿರಾರು ಜನರ ರಕ್ತವನ್ನೂ ಮೂಳೆಯನ್ನೂ ಅಳೆದ ಅಧ್ಯಯನಗಳು ಹಲವಾರಿವೆ. ಕೆಲವುಗಳಲ್ಲಿ ಎಲ್‌ಡಿಎಲ್ ಹೆಚ್ಚಿದ್ದವರ ಮೂಳೆ ಸಾಂದ್ರತೆ ಕಡಿಮೆಯಿತ್ತು. ಕೆಲವುಗಳಲ್ಲಿ ಅಂಥ ನಂಟೇ ಸಿಗಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದಪ್ಪಗಿರುವವರ ಮೂಳೆ ಭಾರ ಹೊತ್ತು ಹೊತ್ತು ಗಟ್ಟಿಯಾಗಿರುತ್ತದೆ, ಅವರ ಕೊಲೆಸ್ಟ್ರಾಲೂ ಏರಿರುತ್ತದೆ. ತೂಕ, ವಯಸ್ಸು, ಹೆಣ್ಣೋ ಗಂಡೋ ಎನ್ನುವುದು, ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಒಳ್ಳೆಯದೆನ್ನುವ ಎಚ್‌ಡಿಎಲ್ ಕಥೆ ಇನ್ನೂ ತಮಾಷೆ. ಆಸ್ಟ್ರೇಲಿಯಾದ ವೃದ್ಧರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ ಎಚ್‌ಡಿಎಲ್ ತೀರಾ ಹೆಚ್ಚಿದ್ದವರಲ್ಲೇ ಮೂಳೆ ಮುರಿತ ಹೆಚ್ಚು ಕಂಡಿತು. ಒಂದು ಅಂಕಿಯನ್ನು ಹಿಡಿದುಕೊಂಡು ಮೈಯ ಹಣೆಬರಹ ಓದಲು ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆದರೆ ಎಲ್‌ಡಿಎಲ್ ಹೃದಯಕ್ಕೆ ಕೆಟ್ಟದ್ದೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಏರಿಸುವ ಚಟಗಳಲ್ಲಿ ಬಹುಪಾಲು ಮೂಳೆಯನ್ನೂ ಸವೆಸುತ್ತವೆ. ನಿಮಗೆ ಬೇಕಾದದ್ದು ಇಷ್ಟೇ.

ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಗೇವು ಅಂತ ಇರುತ್ತಿತ್ತು. ನೆಲದಾಳಕ್ಕೆ ತೋಡಿದ ಗುಂಡಿ. ಒಳಗೆ ಸುತ್ತಲೂ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳಿಗೆ ಹುಳ ಬೀಳುತ್ತಿರಲಿಲ್ಲ. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಹಗ್ಗದಲ್ಲಿ ಇಳಿಬಿಡಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಸುಗ್ಗಿಯಲ್ಲಿ ತುಂಬಿದ ಮನೆಯವರು ಬರಗಾಲದಲ್ಲಿ ಉಂಡರು. ತುಂಬದವರು ಊರು ಬಿಟ್ಟರು. ಮೂಳೆಯದೂ ಇದೇ ಬಾಳು. ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಪಾಲು ತುಂಬಿರುತ್ತದೆ, ಇಪ್ಪತ್ತೈದು ಮೂವತ್ತರವರೆಗೆ ಇನ್ನೊಂದಿಷ್ಟು ಸೇರುತ್ತದೆ. ಆಮೇಲೆ ಸುಗ್ಗಿಯಿಲ್ಲ, ತೆಗೆದು ತಿನ್ನುವುದೇ. ಇಪ್ಪತ್ತೆರಡು, ಇಪ್ಪತ್ತಾರರ ನಿಮ್ಮ ಹಗೇವಿನ ಬಾಯಿ ಇನ್ನೂ ತೆರೆದಿದೆ. ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ. ಐವತ್ತು ದಾಟಿದವರಿಗಾದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ನಿಮ್ಮ ಮೊಬೈಲಿಗೆ ಇನ್ನೊಂದು ಬಗೆಯ ಸಂದೇಶವೂ ಬಂದಿರುತ್ತದೆ. ವಿಟಮಿನ್ ಡಿ ಆಗುವುದೇ ಕೊಲೆಸ್ಟ್ರಾಲಿನಿಂದ, ಆದ್ದರಿಂದ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನುಂಗಿದರೆ ಎಲುಬು ಪುಡಿಯಾಗುತ್ತದೆ ಎಂದು. ಹೆದರಿಸುವವರು ಯಾವಾಗಲೂ ಒಂದು ನಿಜವನ್ನು ಹಿಡಿದೇ ಬರುತ್ತಾರೆ. ಕೊಲೆಸ್ಟ್ರಾಲ್ ಆಗುವುದಕ್ಕಿಂತ ಒಂದು ಹೆಜ್ಜೆ ಹಿಂದಿನ ವಸ್ತುವೊಂದು ನಮ್ಮ ಚರ್ಮದಲ್ಲಿದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಅದೇ ವಿಟಮಿನ್ ಡಿ ಆಗಿ ತಿರುಗುತ್ತದೆ. ಈ ಜಾತಿಯ ವಸ್ತುಗಳಿಗೂ ವಿಟಮಿನ್‌ಗಳಿಗೂ ಇರುವ ನಂಟನ್ನು ಬಿಡಿಸಿದ ಜರ್ಮನಿಯ ಅಡಾಲ್ಫ್ ವಿಂಡಾಸ್‌ಗೆ 1928ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಷ್ಟರ ಮಟ್ಟಿಗೆ ಸಂದೇಶ ನಿಜ. ಮುಂದಿನದು ಸುಳ್ಳು.

ಸ್ಟ್ಯಾಟಿನ್ ಎಂಬ ಆ ಮಾತ್ರೆಯ ಮೂಲ ಜಪಾನಿನದು. ಅಕಿರಾ ಎಂಡೋ ಎಂಬಾತ 1970ರ ಆಸುಪಾಸಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿಗಳನ್ನು ಸೋಸಿ, ಕೊನೆಗೆ ಅಕ್ಕಿಯ ಮೇಲೆ ಬೆಳೆದ ಹಸಿರು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಕೊಂಡ. 1987ರಲ್ಲಿ ಅಮೆರಿಕದಲ್ಲಿ ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. 1999ರಲ್ಲಿ ಅಲ್ಲಿನ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದರೆ, ಸ್ಟ್ಯಾಟಿನ್ ಮೂಳೆಯನ್ನು ಕಟ್ಟಿಸುತ್ತಿತ್ತು! ಮೂಳೆ ಸವೆತಕ್ಕೂ ಇದೇ ಮದ್ದೆಂದು ಎಲ್ಲರೂ ಕುಣಿದರು. ಮನುಷ್ಯರಲ್ಲಿ ಹಾಗಾಗಲಿಲ್ಲ. 17,802 ಮಂದಿಯ ಮೇಲೆ ನಡೆದ ಜುಪಿಟರ್ ಪರೀಕ್ಷೆಯಲ್ಲಿ ಸ್ಟ್ಯಾಟಿನ್ ತಿಂದವರಿಗೂ ಬರೀ ಸಕ್ಕರೆ ಗುಳಿಗೆ ತಿಂದವರಿಗೂ ಮೂಳೆ ಮುರಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಟ್ಟಿನಲ್ಲಿ ಅದು ಮೂಳೆಗೆ ಅಮೃತವೂ ಅಲ್ಲ, ವಿಷವೂ ಅಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದು ಹತ್ತಾರು ಹಂತ ದಾಟಿ. ಆ ದಾರಿಯ ಆರಂಭದ ಹಂತವೊಂದನ್ನು ತಡೆಯುವುದು ಸ್ಟ್ಯಾಟಿನ್. ನಿಮ್ಮ ಅಜ್ಜಿಗೆ ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆ ಕೊಟ್ಟಿರುತ್ತಾರಲ್ಲ, ಖಾಲಿ ಹೊಟ್ಟೆಯಲ್ಲಿ ಲೋಟದ ತುಂಬ ನೀರು ಕುಡಿದು ನುಂಗಿ ಅರ್ಧ ಗಂಟೆ ಮಲಗಬಾರದು ಅಂತಾರಲ್ಲ, ಆ ಅಲೆಂಡ್ರೊನೇಟ್ ತಡೆಯುವುದು ಅದೇ ದಾರಿಯ ಇನ್ನೊಂದಿಷ್ಟು ಮುಂದಿನ ಹಂತವನ್ನು. ಒಂದು ಯಕೃತ್ತಿಗೆ ಹೋಗಿ ಹೃದಯವನ್ನು ಕಾಯುತ್ತದೆ. ಇನ್ನೊಂದು ಮೂಳೆಗೆ ಅಂಟಿಕೊಂಡು ಅದನ್ನು ಕೆರೆಯುವ ಕೋಶವನ್ನು ಸುಮ್ಮನಾಗಿಸುತ್ತದೆ. ಕೊಬ್ಬಿಗೂ ಎಲುಬಿಗೂ ನಂಟೇನು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಅಪ್ಪನಿಗೋ ನಿಮಗೋ ವೈದ್ಯರು ಸ್ಟ್ಯಾಟಿನ್ ಬರೆದಿದ್ದರೆ, ವಾಟ್ಸ್ಆ್ಯಪ್ ನೋಡಿ ಅದನ್ನು ನಿಲ್ಲಿಸಬೇಡಿ. ಸಂಶಯವಿದ್ದರೆ ಬರೆದುಕೊಟ್ಟವರನ್ನೇ ಕೇಳಿ.

ಇನ್ನು ಓಡಾಟದ ಮಾತು. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಗಮನಿಸಿ 1953ರಲ್ಲಿ ಒಂದು ಲೇಖನ ಪ್ರಕಟಿಸಿದರು. ಡ್ರೈವರು ದಿನವಿಡೀ ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಹರಿಯುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಾನೆ. ಒಂದೇ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಊಟ. ಹೃದಯಾಘಾತ ಕಡಿಮೆಯಾದದ್ದು ಕಂಡಕ್ಟರುಗಳಿಗೆ. (ನಮ್ಮ ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಡಬ್ಬಲ್ ಡೆಕ್ಕರ್ ಓಡುತ್ತಿದ್ದವು. ಮೇಲಂತಸ್ತಿನ ಮುಂದಿನ ಸೀಟಿಗೆ ನಾವು ಜಗಳ ಕಾಯುತ್ತಿದ್ದೆವೇ ಹೊರತು ಹತ್ತಿ ಬರುವ ಕಂಡಕ್ಟರನ ಹೃದಯದ ಬಗ್ಗೆ ಯಾರು ಯೋಚಿಸಿದರು!) ಮಾರಿಸ್ ಅಳೆದದ್ದು ಹೃದಯವನ್ನು ಮಾತ್ರ. ಆದರೆ ಮೆಟ್ಟಿಲು ಹತ್ತುವ ಕಾಲಿನ ಮೂಳೆಗೂ ಪ್ರತಿ ಹೆಜ್ಜೆಗೆ ಭಾರ ಬೀಳುತ್ತದೆ, ಭಾರ ಬಿದ್ದ ಕಡೆಯೇ ಮೂಳೆ ಗಟ್ಟಿಯಾಗುತ್ತದೆ. ಟೆನಿಸ್ ಆಡುವವರ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಇರುವವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಕರಗುತ್ತದೆ.

ನೀವು ಅಂತರಿಕ್ಷಕ್ಕೇನೂ ಹೋಗಿಲ್ಲ. ಆದರೂ ಲಿಫ್ಟಿನಲ್ಲಿ ಇಳಿದು, ಕ್ಯಾಬಿನಲ್ಲಿ ಕೂತು, ಕುರ್ಚಿಗೆ ಬಂದು, ಊಟವನ್ನೂ ಬಾಗಿಲಿಗೇ ತರಿಸಿಕೊಂಡರೆ ಮೂಳೆಗೆ ಹೊರಲು ಉಳಿದದ್ದೇನು? ಮೆಟ್ಟಿಲು ಹತ್ತಿ. ಬಿರುಸಾಗಿ ನಡೆಯಿರಿ. ಓಡಿ, ಹಗ್ಗ ಹಾರಿ, ಭಾರ ಎತ್ತಿ, ಕಬಡ್ಡಿ ಆಡಿ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವೇ. ಮೂಳೆಗೆ ಅಷ್ಟೇ ಸಾಲದು. ಜಿಮ್ಮಿಗೆ ಹೋಗುವುದಾದರೆ ಹೋಗಿ, ಸಂತೋಷ. ಆದರೆ ಅಲ್ಲಿ ಯಾರಾದರೂ ಮೈ ಬೇಗ ಉಬ್ಬಲಿ ಎಂದು ಸ್ಟೀರಾಯ್ಡ್ ಸೂಜಿ ತೋರಿಸಿದರೆ ಅಂದೇ ಆ ಜಿಮ್ ಬಿಡಿ. ಅದು ಎಚ್‌ಡಿಎಲ್ ಅನ್ನು ನೆಲಕ್ಕಿಳಿಸುತ್ತದೆ, ಎಲ್‌ಡಿಎಲ್ ಅನ್ನು ಏರಿಸುತ್ತದೆ.

ಊಟದ ವಿಷಯಕ್ಕೆ ಬಂದರೆ, ಹಿಂದಿನ ಕಾಲವೆಲ್ಲ ಬಂಗಾರವಾಗಿತ್ತು ಎಂದು ನಾನು ಹೇಳಲಾರೆ. ನಮ್ಮ ಚಿಕ್ಕಂದಿನಲ್ಲಿ ಬೀದಿಗೊಬ್ಬರು ಗೂನುಬೆನ್ನಿನ ಅಜ್ಜಿ ಇದ್ದರು. ವಯಸ್ಸಾದರೆ ಹಾಗೇ ಎಂದುಕೊಂಡಿದ್ದೆವು. ಸವೆದ ಬೆನ್ನುಮೂಳೆ ಒಂದೊಂದಾಗಿ ಕುಸಿದು ಬಂದ ಗೂನು ಅದೆಂದು ಗೊತ್ತಾದದ್ದು ಆಮೇಲೆ. ಸಾಲು ಸಾಲು ಬಾಣಂತನ, ಮಕ್ಕಳಿಗೆ ಬಡಿಸಿ ಉಳಿದರೆ ತನಗೆ ಎನ್ನುವ ಊಟ, ಹಾಲು ಕಂಡರೆ ಪುಣ್ಯ. ಮದುವೆ ಮನೆಯ ಡಾಲ್ಡಾ ಕೂಡ ಆ ಕಾಲದ್ದೇ, ನಿಮ್ಮ ಕಾಲದ್ದಲ್ಲ. ಆ ಗಟ್ಟಿ ಎಣ್ಣೆಯ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ ಪಾಪಿ. 2022ರಿಂದ ನಮ್ಮ ಸರ್ಕಾರ ಅದಕ್ಕೆ ನೂರಕ್ಕೆ ಎರಡರ ಮಿತಿ ಹಾಕಿದೆ. ಆದರೆ ಬೇಕರಿಯ ಪಫ್ಸು, ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವ ಸಂಜೆಯ ಗೋಬಿ ಮಂಚೂರಿ, ಇವುಗಳಿಗೆ ಮಿತಿ ಹಾಕಬೇಕಾದವರು ನೀವೇ. ಅವುಗಳ ಉಪ್ಪೂ ಕಡಿಮೆಯದಲ್ಲ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಸುಣ್ಣ ಹೊರಹೋಗುತ್ತದೆ.

ಆ ಕಾಲದ ಒಂದು ಒಳ್ಳೆಯದನ್ನು ಮಾತ್ರ ಬಿಡಬೇಡಿ: ರಾಗಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ತಳಿಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಹಸಿದ ನಾಡಿನ ಹೊಟ್ಟೆ ತುಂಬಿತು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಅವರ ಊರಿನ ಸುತ್ತಲೇ ಈಗ ಮಕ್ಕಳು ಮುದ್ದೆ ನುಂಗಲು ಬರುವುದಿಲ್ಲ ಎನ್ನುತ್ತಿವೆ. ಕಲಿಯಿರಿ, ಕಷ್ಟವೇನಲ್ಲ, ಅಗಿಯದೆ ನುಂಗಬೇಕು ಅಷ್ಟೇ. ರಾಗಿಯ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ. ಅದರೊಳಗಿನ ಫೈಟೇಟ್ ಒಂದಿಷ್ಟನ್ನು ಹಿಡಿದಿಡುತ್ತದೆ. ಮೊಳಕೆ ಕಟ್ಟಿಸಿ ಹುರಿಹಿಟ್ಟು ಮಾಡಿದರೆ ಆ ಹಿಡಿತ ಸಡಿಲವಾಗುತ್ತದೆ. ಜೊತೆಗೆ ನುಗ್ಗೆಸೊಪ್ಪು, ಎಳ್ಳು, ಮಜ್ಜಿಗೆ. ಕೊಲೆಸ್ಟ್ರಾಲ್ ಇದ್ದವರು ಹಾಲು ಬಿಡಬೇಕಾಗಿಲ್ಲ. ಕೆನೆ ತೆಗೆದ ಹಾಲಿನಲ್ಲಿ ಕೊಬ್ಬು ಹೋಗುತ್ತದೆ, ಸುಣ್ಣ ಹಾಗೇ ಉಳಿಯುತ್ತದೆ. ತಂಗಿಯ ಮಗನಿಗೆ ನಾನು ಹೇಳಿದ್ದೂ ಇದನ್ನೇ: ಬಿಸ್ಕತ್ತು ಬಿಡು, ಮಜ್ಜಿಗೆ ಕುಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸಣ್ಣಗಾಗಬೇಕೆಂದು ಊಟ ಬಿಡಬೇಡಿ, ತಾಯಿ. ತೂಕ ಸರ್ರನೆ ಇಳಿದಾಗ ಮೂಳೆಯೂ ಇಳಿಯುತ್ತದೆ. ಊಟ ಬಿಟ್ಟು ಬಿಟ್ಟು ಮುಟ್ಟೇ ನಿಂತುಹೋದರಂತೂ ಈಸ್ಟ್ರೋಜನ್ ಕುಸಿದು, ಇಪ್ಪತ್ತರಲ್ಲೇ ಐವತ್ತರ ಮೂಳೆಯಾಗುತ್ತದೆ. ಈಸ್ಟ್ರೋಜನ್ ಆಗಲಿ ಗಂಡಸರ ಟೆಸ್ಟೊಸ್ಟಿರೋನ್ ಆಗಲಿ, ದೇಹ ತಯಾರಿಸುವುದು ಕೊಲೆಸ್ಟ್ರಾಲಿನಿಂದಲೇ. ಅದನ್ನು ಶತ್ರುವೆಂದೇ ತಿಳಿಯಬೇಡಿ. ಅಳತೆ ಮೀರಿದಾಗ ಮಾತ್ರ ಅದು ಕೆಡುಕು.

ಬಿಸಿಲಿಗೆ ಬನ್ನಿ. ವಿಟಮಿನ್ ಡಿ ಹುಟ್ಟಿಸುವ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ, ಬೆಳಗಿನ ಎಳೆಬಿಸಿಲಲ್ಲೂ ಅಷ್ಟು ಇರುವುದಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಗಿಯ ತೋಳು ಮಡಚಿ ಸ್ವಲ್ಪ ಹೊತ್ತು ಹೊರಗೆ ನಡೆದರೆ ಸಾಕು. ಅದೇ ಬಿಡುವಿನಲ್ಲಿ ಟೀ ಅಂಗಡಿಯ ಮುಂದೆ ಸಿಗರೇಟು ಹಚ್ಚುವವರಿಗೆ ಹೇಳುವುದು ಇಷ್ಟೇ: ಎಚ್‌ಡಿಎಲ್ ಇಳಿಸುವುದು, ಮೂಳೆ ಸವೆಸುವುದು, ಮುರಿದ ಮೂಳೆ ಕೂಡಲು ತಡ ಮಾಡುವುದು, ಮೂರನ್ನೂ ಆ ಒಂದು ಕಡ್ಡಿ ಮಾಡುತ್ತದೆ. ನಾಳೆ ಬಿಟ್ಟರೂ ಲಾಭವಿದೆ.

ಪರೀಕ್ಷೆ ಯಾರಿಗೆ, ಯಾವಾಗ? ಲಿಪಿಡ್ ಪ್ರೊಫೈಲನ್ನು ಇಪ್ಪತ್ತು ದಾಟಿದ ಮೇಲೆ ಒಮ್ಮೆ ಮಾಡಿಸಿ. ಅಪ್ಪನಿಗೋ ಚಿಕ್ಕಪ್ಪನಿಗೋ ಐವತ್ತರ ಒಳಗೆ ಹೃದಯಾಘಾತ ಆಗಿದ್ದರೆ ತಡಮಾಡಬೇಡಿ. ಎಲ್‌ಡಿಎಲ್ ವಂಶದಲ್ಲೇ ಹೆಚ್ಚಿರುವ ಮನೆತನಗಳಿವೆ, ಅಲ್ಲಿ ಪಥ್ಯವೊಂದೇ ಸಾಲುವುದಿಲ್ಲ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನಿಮಗೆ ಈಗ ಬೇಡ, ಮೂಳೆ ಸವೆಸುವ ಕಾಯಿಲೆಯೋ ಔಷಧಿಯೋ ಇದ್ದ ಹೊರತು. ಬೇಕಾದದ್ದು ನಿಮ್ಮ ಅಮ್ಮನಿಗೆ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈಸ್ಟ್ರೋಜನ್ ಇಳಿದು, ಎಲ್‌ಡಿಎಲ್ ಏರುವುದೂ ಮೂಳೆ ವೇಗವಾಗಿ ಕರಗುವುದೂ ಜೊತೆಜೊತೆಗೇ ಆಗುತ್ತವೆ. ಎರಡು ಲೆಕ್ಕವೂ ಒಟ್ಟಿಗೆ ಕೆಡುವ ವಯಸ್ಸು ಅದು. ‘ನಂಗೇನಾಗಿದೆ, ದುಡ್ಡು ದಂಡ’ ಎನ್ನುತ್ತಾರೆ, ಬಿಡಬೇಡಿ. ಮೇಜಿನ ಮೇಲೆ ಸ್ವಲ್ಪ ಹೊತ್ತು ಅಂಗಾತ ಮಲಗಿದರೆ ಮುಗಿಯುವ ಪರೀಕ್ಷೆ. ಎಕ್ಸ್-ರೇ ಪ್ರಮಾಣವೂ ತೀರಾ ಕಡಿಮೆ. ಬರುವ ಟಿ-ಸ್ಕೋರ್ ಮೈನಸ್ 1ಕ್ಕಿಂತ ಮೇಲಿದ್ದರೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ, ನಡುವೆ ಇದ್ದರೆ ಎಚ್ಚರಿಕೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ ಇದು. ಸ್ಕ್ಯಾನ್ ಇರುವ ಊರು ದೂರವಾದರೆ, ಅಮ್ಮನನ್ನು ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ ಎತ್ತರ ಅಳೆಯಿರಿ. ವಯಸ್ಸಿನಲ್ಲಿದ್ದಾಗ ಇದ್ದದ್ದಕ್ಕಿಂತ ಒಂದೂವರೆ ಅಂಗುಲ ಕಡಿಮೆಯಾಗಿದ್ದರೆ ಬೆನ್ನುಮೂಳೆ ಎಲ್ಲೋ ಕುಸಿದಿರಬಹುದು. ಅಂಥ ಕುಸಿತ ಎಷ್ಟೋ ಸಲ ನೋವನ್ನೇ ಕೊಡುವುದಿಲ್ಲ. ಆ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅದೇ ಭೇಟಿಯಲ್ಲಿ ಅಮ್ಮನ ಲಿಪಿಡ್ ಪ್ರೊಫೈಲನ್ನೂ ಮಾಡಿಸಿ.